ಅಕ್ಷರ ಗೊತ್ತಿಲ್ಲದ ಊರಿನಲ್ಲಿ ಐದು ವರ್ಷ

(ಅಂತರರಾಷ್ಟ್ರೀಯ ಸಾಕ್ಷರತಾ ದಿನದ ಕಲಿಕಾರ್ಥಿಗಳ ಕೂಟದಲ್ಲಿ ಸಾಕ್ಷರತಾ ಸಂಯೋಜಕಿ ಆಡಿದ ಮಾತು)



ಇಂದು ಸೆಪ್ಟೆಂಬರ್ 8. ಸಾಕ್ಷರತಾ ದಿನ. ಪ್ರತಿ ವರ್ಷ ಈ ದಿನ ನಾವು ಸೇರುತ್ತೇವೆ. ಹಾಡು ಹೇಳುತ್ತೇವೆ, ಪ್ರಮಾಣಪತ್ರ ಕೊಡುತ್ತೇವೆ, ಚಹಾ ಕುಡಿದು ಮನೆಗೆ ಹೋಗುತ್ತೇವೆ. ಈ ಸಲ ನೀವೇ ಒಂದು ಬೇಡಿಕೆ ಇಟ್ಟಿದ್ದೀರಿ. "ಟೀಚರೇ, ನೀವು ಜಪಾನಿನಲ್ಲಿ ಇದ್ದವರಂತೆ. ಅಲ್ಲಿಯ ಸುದ್ದಿ ಹೇಳಿ" ಅಂತ. ಹೇಳುತ್ತೇನೆ.

ಸಾಕ್ಷರತೆಗೂ ಜಪಾನಿಗೂ ಎಂತ ಸಂಬಂಧ ಅಂತ ನಿಮಗೆ ಅನಿಸಬಹುದು. ಸಂಬಂಧ ಉಂಟು. ನಾನು ಬಿ.ಎ. ಓದಿದವಳು. ಕನ್ನಡ ಬರುತ್ತದೆ, ಮಲಯಾಳ ಬರುತ್ತದೆ, ಇಂಗ್ಲಿಷ್ ಓದಲಿಕ್ಕೆ ಬರುತ್ತದೆ. ಆದರೆ ಜಪಾನಿನ ಅಂಗಡಿ ಬೀದಿಯಲ್ಲಿ ನಾನು ನಿರಕ್ಷರಿ. ಬೋರ್ಡು ಕಾಣುತ್ತದೆ, ಓದಲಿಕ್ಕೆ ಆಗುವುದಿಲ್ಲ. ಕಾಗದ ಕೈಯಲ್ಲಿ ಉಂಟು, ಅದರಲ್ಲಿ ಏನು ಬರೆದಿದೆ ಗೊತ್ತಿಲ್ಲ. ನೀವು ಎಷ್ಟೋ ವರ್ಷ ಅನುಭವಿಸಿದ್ದನ್ನು ನಾನು ಅಲ್ಲಿ ಅನುಭವಿಸಿದೆ. ಮತ್ತೆ ಅಕ್ಷರ ಕಲಿತೆ. ಆ ಕತೆ ಇದು.

ನಾವು ಇದ್ದ ಊರು

ನನ್ನ ಗಂಡನಿಗೆ ಕಂಪ್ಯೂಟರ್ ಕೆಲಸ. 2016ರ ಫೆಬ್ರವರಿಯಲ್ಲಿ ನಾವು ಟೋಕಿಯೋಗೆ ಹೋದೆವು. ಮಗಳಿಗೆ ಆಗ ಮೂರು ವರ್ಷ. 2021ರ ಮಾರ್ಚಿನಲ್ಲಿ ವಾಪಸು ಬಂದೆವು.

ಟೋಕಿಯೋ ದೊಡ್ಡ ನಗರ. ಅದರ ಪೂರ್ವದ ಅಂಚಿನಲ್ಲಿ ಎದೊಗಾವಾ ಅಂತ ಒಂದು ಭಾಗ. ಅದರಲ್ಲಿ ನಿಶಿಕಾಸಾಯಿ ಅಂತ ಒಂದು ಪೇಟೆ. ಅಲ್ಲಿ ಭಾರತದವರು ತುಂಬ ಜನ ಇದ್ದಾರೆ. 2000ನೇ ಇಸವಿಯ ಹೊತ್ತಿಗೆ ಕಂಪ್ಯೂಟರ್ ಕೆಲಸಕ್ಕಾಗಿ ಬಂದವರು ಅಲ್ಲಿ ನೆಲೆ ನಿಂತರು. ಈಗ ಇಡೀ ಜಪಾನಿನಲ್ಲಿ 50 ಸಾವಿರಕ್ಕಿಂತ ಹೆಚ್ಚು ಭಾರತೀಯರು ಇದ್ದಾರೆ. ಅವರಲ್ಲಿ ಕನ್ನಡದವರೂ ಉಂಟು. ಯುಗಾದಿಗೆ, ರಾಜ್ಯೋತ್ಸವಕ್ಕೆ ಸೇರುತ್ತಾರೆ. ನಿಶಿಕಾಸಾಯಿಯ ಅಂಗಡಿಯಲ್ಲಿ ತೊಗರಿಬೇಳೆ, ಸಾಸಿವೆ, ಒಣಮೆಣಸು ಎಲ್ಲ ಸಿಗುತ್ತದೆ.

ಆದರೆ ಎಲ್ಲದಕ್ಕೂ ನಮ್ಮವರ ಅಂಗಡಿಗೇ ಹೋಗಲಿಕ್ಕೆ ಆಗುತ್ತದಾ? ಒಂದು ದಿನ ಪಕ್ಕದ ಜಪಾನಿ ಅಂಗಡಿಗೆ ಉಪ್ಪು ತರಲಿಕ್ಕೆ ಹೋದೆ. ಒಂದೇ ಸಾಲಿನಲ್ಲಿ ಎರಡು ಬಗೆಯ ಬಿಳಿ ಪೊಟ್ಟಣ. ಒಂದು ಉಪ್ಪು, ಒಂದು ಸಕ್ಕರೆ. ಯಾವುದು ಯಾವುದು? ಹೊರಗೆ ದೊಡ್ಡದಾಗಿ ಬರೆದಿದೆ. ನನಗೆ ಅದು ಬರೀ ಗೆರೆ. ಅಂಗಡಿಯ ಹೆಂಗಸನ್ನು ಕರೆದು, ನಾಲಿಗೆ ತೋರಿಸಿ, ಮುಖ ಹುಳ್ಳಗೆ ಮಾಡಿ ಕೇಳಿದೆ. ಅವರು ನಕ್ಕು ಉಪ್ಪು ಕೊಟ್ಟರು. ಬಸ್ಸಿನ ಬೋರ್ಡು ಓದಲಿಕ್ಕೆ ಬಾರದೆ ಪಕ್ಕದವರನ್ನು ಕೇಳುವ ನಮ್ಮ ಅಜ್ಜಿಯಂದಿರ ನೆನಪು ನನಗೆ ಆಗ ಬಂತು.

ಮೂರು ಬಗೆಯ ಅಕ್ಷರ

ಜಪಾನಿ ಬರವಣಿಗೆ ಸುಲಭ ಅಲ್ಲ ಮಾರಾಯ್ರೆ. ಒಂದಲ್ಲ, ಮೂರು ಬಗೆಯ ಅಕ್ಷರ ಅವರಿಗೆ. ಮೊದಲನೆಯದು ಹಿರಗಾನ. ಅದರಲ್ಲಿ ಮೂಲ ಅಕ್ಷರ 46. ಎರಡನೆಯದು ಕತಕಾನ. ಅದರಲ್ಲೂ 46. ಹೊರದೇಶದ ಶಬ್ದ ಬರೆಯಲಿಕ್ಕೆ ಅದು. ನನ್ನ ಹೆಸರು, ನಿಮ್ಮ ಹೆಸರು ಬರೆಯಬೇಕಾದರೆ ಕತಕಾನದಲ್ಲಿ ಬರೆಯಬೇಕು.

ಮೂರನೆಯದು ಕಾಂಜಿ. ಮಲಯಾಳದವರು ಹೇಳುವ ಕಞ್ಞಿ ಅಲ್ಲ, ನಮ್ಮ ಗಂಜಿಯೂ ಅಲ್ಲ! ಚೀನಾದಿಂದ ಬಂದ ಅಕ್ಷರ ಅದು. ಅದರಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಅರ್ಥ. ಬೆಟ್ಟಕ್ಕೆ ಒಂದು ಅಕ್ಷರ, ನದಿಗೆ ಒಂದು ಅಕ್ಷರ, ಉಪ್ಪಿಗೆ ಒಂದು ಅಕ್ಷರ. ದಿನಬಳಕೆಗೆ ಅಂತ ಅಲ್ಲಿಯ ಸರಕಾರ ಪಟ್ಟಿ ಮಾಡಿದ ಕಾಂಜಿಗಳೇ 2136. ಪ್ರಾಥಮಿಕ ಶಾಲೆಯ ಆರು ವರ್ಷದಲ್ಲಿ ಮಕ್ಕಳು 1026 ಕಲಿಯುತ್ತಾರೆ. ನಮ್ಮ 49 ಅಕ್ಷರ ಕಷ್ಟ ಅಂತ ಇನ್ನು ಮುಂದೆ ಯಾರೂ ಹೇಳಬಾರದು!

ಒಂದು ಸಂತೋಷದ ಸಂಗತಿ ಹೇಳುತ್ತೇನೆ. ಹಿರಗಾನದ ಪಟ್ಟಿಯನ್ನು ಹೇಗೆ ಓದುತ್ತಾರೆ ಗೊತ್ತುಂಟಾ? ಅ ಇ ಉ ಎ ಒ. ಆಮೇಲೆ ಕ ಕಿ ಕು ಕೆ ಕೊ. ಸ ಸಾಲು, ತ ಸಾಲು, ನ ಸಾಲು. ಕೊನೆಗೆ ಯ, ರ, ವ. ಕೇಳಿದರೆ ನಮ್ಮ ಕಾಗುಣಿತದ ಹಾಗೆ ಇಲ್ಲವಾ? ಬೌದ್ಧ ಧರ್ಮದ ಜೊತೆ ನಮ್ಮ ದೇಶದ ಅಕ್ಷರಶಾಸ್ತ್ರ ಚೀನಾ ದಾಟಿ ಜಪಾನಿಗೆ ಹೋಯಿತು. ಅದನ್ನು ನೋಡಿ ಅವರು ತಮ್ಮ ಅಕ್ಷರಗಳನ್ನು ಹೀಗೆ ಜೋಡಿಸಿಕೊಂಡರು. ಕಾಗುಣಿತ ಗೊತ್ತಿದ್ದ ನನಗೆ ಆ ಪಟ್ಟಿ ಬಾಯಿಪಾಠ ಮಾಡಲು ಎರಡು ದಿನ ಸಾಕಾಯಿತು. ಬರೆಯಲು ಎರಡು ತಿಂಗಳು ಬೇಕಾಯಿತು.

ದೊಡ್ಡವರ ತರಗತಿ

ನಾನು ಕಲಿತದ್ದು ಎಲ್ಲಿ? ನಮ್ಮ ಈ ಕೇಂದ್ರದಂಥ ಜಾಗದಲ್ಲೇ. ಜಪಾನಿನ ಊರೂರಿನಲ್ಲಿ ಸಾರ್ವಜನಿಕ ಸಭಾಭವನ ಇರುತ್ತದೆ. ವಾರಕ್ಕೆ ಒಂದು ದಿನ ಅಲ್ಲಿ ಹೊರದೇಶದವರಿಗೆ ಜಪಾನಿ ಭಾಷೆಯ ತರಗತಿ. ಕಲಿಸುವವರು ಸ್ವಯಂಸೇವಕರು. ನಿವೃತ್ತರಾದ ಅಜ್ಜ ಅಜ್ಜಿಯರೇ ಹೆಚ್ಚು. ಶುಲ್ಕ ಹೆಸರಿಗೆ ಮಾತ್ರ.

ನನ್ನ ಬೆಂಚಿನಲ್ಲಿ ಚೀನಾದ ಒಬ್ಬಳು, ಫಿಲಿಪೀನ್ಸಿನ ಒಬ್ಬಳು, ನೇಪಾಳದ ಒಬ್ಬ ಅಡುಗೆಯವ. ಅವನು ಹಗಲಿಡೀ ಹೋಟೆಲಿನಲ್ಲಿ ದುಡಿದು ಬರುತ್ತಿದ್ದ. ಕಣ್ಣು ಮುಚ್ಚಿ ಮುಚ್ಚಿ ಹೋಗುತ್ತಿತ್ತು, ಆದರೂ ತರಗತಿ ತಪ್ಪಿಸುತ್ತಿರಲಿಲ್ಲ. ಬೀಡಿ ಕಟ್ಟಿ, ತೋಟದ ಕೆಲಸ ಮುಗಿಸಿ ಇಲ್ಲಿಗೆ ಬರುವ ನಿಮ್ಮನ್ನು ನೋಡುವಾಗ ನನಗೆ ಅವನ ನೆನಪಾಗುತ್ತದೆ.

ನಮ್ಮ ಸೆನ್ಸೇ, ಅಂದರೆ ಟೀಚರಿಗೆ, 70 ದಾಟಿತ್ತು. ಅವರು ಮೊದಲ ದಿನ ಪುಸ್ತಕ ತೆಗೆಯಲಿಲ್ಲ. "ಮನೆಗೆ ಬಂದ ಕಾಗದಗಳನ್ನು ತನ್ನಿ" ಅಂದರು. ಕಸದ ಪಟ್ಟಿ, ನೀರಿನ ಬಿಲ್ಲು, ಮಗುವಿನ ಶಾಲೆಯ ಚೀಟಿ, ಇವೇ ನಮ್ಮ ಪಾಠಪುಸ್ತಕ ಆದವು. ನಾನು ಇವತ್ತು ನಿಮಗೆ ರೇಷನ್ ಕಾರ್ಡು, ಬ್ಯಾಂಕಿನ ಚೀಟಿ ತನ್ನಿ ಅಂತ ಹೇಳುತ್ತೇನಲ್ಲ, ಅದು ಅವರಿಂದ ಕಲಿತದ್ದು.

ದಿನದ ಬದುಕು

ಜಪಾನಿನಲ್ಲಿ ದಿನದ ಬದುಕು ಕಾಗದದ ಮೇಲೆ ನಡೆಯುತ್ತದೆ. ಕಸವನ್ನೇ ನೋಡಿ. ಇಲ್ಲಿ ಹರಿತ ಕರ್ಮಸೇನೆಯ ಅಕ್ಕಂದಿರು ಮನೆಗೆ ಬಂದು ಪ್ಲಾಸ್ಟಿಕ್ ಕೊಂಡುಹೋಗುತ್ತಾರೆ. ಅಲ್ಲಿ ನಾವೇ ಬೇರೆ ಬೇರೆ ಮಾಡಿ ಬೀದಿಯ ಗೊತ್ತಾದ ಜಾಗದಲ್ಲಿ ಇಡಬೇಕು. ಸುಡುವ ಕಸಕ್ಕೆ ಒಂದು ದಿನ, ಪ್ಲಾಸ್ಟಿಕ್ಕಿಗೆ ಒಂದು ದಿನ, ಡಬ್ಬಿ ಬಾಟಲಿಗೆ ಒಂದು ದಿನ. ಬೆಳಿಗ್ಗೆ 8 ಗಂಟೆಯೊಳಗೆ ಇಡಬೇಕು. ಕಾಗೆ ಎಳೆಯದ ಹಾಗೆ ಮೇಲೆ ಬಲೆ ಹೊದಿಸಬೇಕು. ಪಟ್ಟಿ ಓದಲಿಕ್ಕೆ ಬಾರದಿದ್ದರೆ ಮನೆಯ ಕಸವೂ ಹೊರಗೆ ಹೋಗುವುದಿಲ್ಲ.

ಇನ್ನೊಂದು ಒಳ್ಳೆಯ ಪದ್ಧತಿ ಉಂಟು. ಕೈರಾಂಬಾನ್ ಅಂತ ಹೆಸರು. ಒಂದು ಹಲಗೆಗೆ ಊರಿನ ಸುದ್ದಿಯ ಕಾಗದ ಸಿಕ್ಕಿಸಿ ಮನೆಯಿಂದ ಮನೆಗೆ ಕಳುಹಿಸುತ್ತಾರೆ. ಹಬ್ಬ ಯಾವಾಗ, ಕೆರೆದಂಡೆ ಗುಡಿಸುವುದು ಯಾವಾಗ, ಎಲ್ಲ ಅದರಲ್ಲಿ. ಓದಿ, ನಮ್ಮ ಹೆಸರಿನ ಮುಂದೆ ಮೊಹರು ಒತ್ತಿ, ಪಕ್ಕದ ಮನೆಗೆ ಕೊಡಬೇಕು. ಕೊಡುವಾಗ ಎರಡು ಮಾತು ಆಡುತ್ತಾರೆ. ಅಕ್ಷರವೂ ಆಯಿತು, ನೆರೆಹೊರೆಯೂ ಆಯಿತು.

ಮಗಳ ಬಾಲವಾಡಿಯಿಂದಲೂ ವಾರಕ್ಕೆ ನಾಲ್ಕೈದು ಚೀಟಿ. ನಾಳೆ ಬೆಂತೋ ತನ್ನಿ, ಅಂದರೆ ಬುತ್ತಿ. ನಾಡಿದ್ದು ಬಣ್ಣದ ಕಾಗದ ತನ್ನಿ. ಮಗುವಿನ ಚಪ್ಪಲಿ, ಟೊಪ್ಪಿ, ಒಂದೊಂದು ಪೆನ್ಸಿಲಿನ ಮೇಲೂ ಹೆಸರು ಬರೆಯಿರಿ. ಒಂದು ಸಂಪರ್ಕ ಪುಸ್ತಕವೂ ಇತ್ತು. ಟೀಚರು ಅದರಲ್ಲಿ ಬರೆಯುವುದು, ತಾಯಿ ಉತ್ತರ ಬರೆಯುವುದು. "ನಿನ್ನೆ ರಾತ್ರಿ ಕೆಮ್ಮು ಇತ್ತು" ಅನ್ನುವ ಒಂದು ವಾಕ್ಯ ಬರೆಯಲು ನಾನು ಅರ್ಧ ಗಂಟೆ ಕುಳಿತದ್ದುಂಟು. ಆ ದಿನ ಟೀಚರು ಮಗುವಿಗೆ ಬಿಸಿನೀರು ಕೊಟ್ಟು, ಹೊರಗೆ ಆಡಲು ಬಿಡಲಿಲ್ಲ. ನನ್ನ ಅರ್ಧ ಗಂಟೆ ಸಾರ್ಥಕ ಆಯಿತು.

ಋತು ಬಂದ ಹಾಗೆ ಹಬ್ಬ

ಜಪಾನಿನವರು ಋತುವನ್ನು ತುಂಬ ಗಮನಿಸುತ್ತಾರೆ. ಮಾರ್ಚ್ ಕೊನೆಗೆ ಟೋಕಿಯೋದಲ್ಲಿ ಸಕುರಾ ಹೂ ಅರಳುತ್ತದೆ. ಎಲೆ ಬರುವ ಮೊದಲೇ ಮರದ ತುಂಬ ತಿಳಿಗೆಂಪು ಹೂ. ಅದು ನಿಲ್ಲುವುದು ಒಂದೆರಡು ವಾರ ಮಾತ್ರ. ಹಾಗಾಗಿ ಯಾವ ಊರಿನಲ್ಲಿ ಯಾವಾಗ ಅರಳುತ್ತದೆ ಅಂತ ಟೀವಿಯಲ್ಲಿ ಹೇಳುತ್ತಾರೆ. ಜನ ಬುತ್ತಿ ಕಟ್ಟಿಕೊಂಡು, ಮರದ ಅಡಿಯಲ್ಲಿ ನೀಲಿ ಶೀಟು ಹಾಸಿ ಕೂರುತ್ತಾರೆ. ನಾವು ಚಿತ್ರಾನ್ನ, ಅವಲಕ್ಕಿ ಕೊಂಡುಹೋಗುತ್ತಿದ್ದೆವು. ಏಪ್ರಿಲಿನಲ್ಲಿ ಶಾಲೆ ಶುರು. ನಮಗೆ ಬಿಸು ಬರುವ ಹೊತ್ತಿಗೆ ಅವರಿಗೂ ಹೊಸ ವರ್ಷದ ಪಾಠ.

ರಜೆಯ ದಿನ ಕಡಲತಡಿಯ ಕಾಸಾಯಿ ರಿಂಕಾಯ್ ಪಾರ್ಕಿಗೆ ಹೋಗುತ್ತಿದ್ದೆವು. ಅಲ್ಲಿ 117 ಮೀಟರ್ ಎತ್ತರದ ತಿರುಗುವ ತೊಟ್ಟಿಲು ಉಂಟು. ಚಳಿಗಾಲದ ತಿಳಿ ಬೆಳಿಗ್ಗೆ ಅದರ ಮೇಲಿನಿಂದ ಫುಜಿ ಪರ್ವತ ಕಾಣುತ್ತದೆ. ಪಕ್ಕದಲ್ಲೇ ಮೀನಿನ ಸಂಗ್ರಹಾಲಯ. ಗಾಜಿನ ಆಚೆ ದೊಡ್ಡ ದೊಡ್ಡ ಕೇದರ ಮೀನುಗಳು ಸುತ್ತು ಹಾಕುತ್ತವೆ. ನಿಶಿಕಾಸಾಯಿಯ ಹತ್ತಿರದ ಗ್ಯೋಸೆನ್ ಪಾರ್ಕಿನಲ್ಲಿ ಒಂದು ಸಣ್ಣ ಮೃಗಾಲಯ ಉಂಟು. ಟಿಕೇಟು ಇಲ್ಲ. ಮಗಳಿಗೆ ಅದೇ ಸ್ವರ್ಗ.

ಜೂನಿನಲ್ಲಿ ಮಳೆಗಾಲ. ಜುಲೈ 7ಕ್ಕೆ ತಾನಾಬಾತಾ ಹಬ್ಬ. ಆಕಾಶದಲ್ಲಿ ನೇಯುವ ಹುಡುಗಿ ಒಬ್ಬಳು, ದನ ಕಾಯುವ ಹುಡುಗ ಒಬ್ಬ. ನಡುವೆ ನಕ್ಷತ್ರದ ಹೊಳೆ. ವರ್ಷಕ್ಕೆ ಒಂದೇ ದಿನ ಇಬ್ಬರೂ ಭೇಟಿ ಆಗುತ್ತಾರೆ ಅಂತ ಕತೆ. ಆ ದಿನ ಬಣ್ಣದ ಕಾಗದದ ಪಟ್ಟಿಯಲ್ಲಿ ತಮ್ಮ ಆಸೆ ಬರೆದು ಬಿದಿರಿನ ಕೊಂಬೆಗೆ ಕಟ್ಟುತ್ತಾರೆ. ನಮ್ಮ ತರಗತಿಯಲ್ಲೂ ಬಿದಿರು ಇಟ್ಟಿದ್ದರು. "ನಿಮ್ಮ ಭಾಷೆಯಲ್ಲೇ ಬರೆಯಿರಿ" ಅಂದರು ಸೆನ್ಸೇ. ನಾನು ಕನ್ನಡದಲ್ಲಿ ಬರೆದೆ: "ಅಮ್ಮನ ಗಂಟುನೋವು ಗುಣ ಆಗಲಿ." ಅವರು ಅದನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. "ಎಷ್ಟು ದುಂಡು ಅಕ್ಷರ!" ಅಂದರು. ಅವರು ಅದನ್ನು ಓದಲಾರರು, ನಾನು ಓದಬಲ್ಲೆ. ಆ ಒಂದು ನಿಮಿಷ ನಾನು ಟೀಚರು, ಅವರು ಕಲಿಯುವವರು.

ಆಗಸ್ಟಿನಲ್ಲಿ ಓಬೋನ್. ತೀರಿಹೋದ ಹಿರಿಯರು ಮನೆಗೆ ಬರುವ ದಿನಗಳು ಅಂತ ನಂಬಿಕೆ. ಬಾಗಿಲಲ್ಲಿ ದೀಪ ಇಡುತ್ತಾರೆ. ಸೌತೆಕಾಯಿಗೆ ನಾಲ್ಕು ಕಡ್ಡಿ ಚುಚ್ಚಿದರೆ ಕುದುರೆ, ಬದನೆಕಾಯಿಗೆ ಚುಚ್ಚಿದರೆ ದನ. ಹಿರಿಯರು ಬರುವಾಗ ಕುದುರೆ ಏರಿ ಬೇಗ ಬರಲಿ, ಹೋಗುವಾಗ ದನದ ಮೇಲೆ ನಿಧಾನಕ್ಕೆ ಹೋಗಲಿ ಅಂತ ಆಸೆ. ನಮ್ಮಲ್ಲಿ ಆಟಿ ತಿಂಗಳಲ್ಲಿ ಹಿರಿಯರಿಗೆ ಎಲೆ ಹಾಕಿ ಬಡಿಸುತ್ತೇವಲ್ಲ, ಹೆಚ್ಚು ಕಡಿಮೆ ಅದೇ ಹೊತ್ತು. ಸಂಜೆ ಮೈದಾನದಲ್ಲಿ ಅಟ್ಟ ಕಟ್ಟಿ, ಡೋಲು ಬಾರಿಸಿ, ಸುತ್ತಲೂ ಕುಣಿಯುತ್ತಾರೆ. ಅಜ್ಜಿಯರು ನನ್ನ ಕೈ ಹಿಡಿದು ಹೆಜ್ಜೆ ಕಲಿಸಿದರು. ಅದಕ್ಕೆ ಅಕ್ಷರ ಬೇಕಾಗಲಿಲ್ಲ!

ಅಕ್ಟೋಬರಿನಲ್ಲಿ ಬಾಲವಾಡಿಯ ಮಕ್ಕಳನ್ನು ಗೆಣಸು ಕೀಳಲು ಗದ್ದೆಗೆ ಕರೆದುಕೊಂಡು ಹೋಗುತ್ತಾರೆ. ನವೆಂಬರಿನಲ್ಲಿ ಎಲೆಗಳು ಕೆಂಪು, ಹಳದಿ ಆಗುತ್ತವೆ. ಅದನ್ನು ನೋಡಲಿಕ್ಕೆ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಜನವರಿ 1ಕ್ಕೆ ಹೊಸ ವರ್ಷ. ಅದರ ಮಾರನೆ ದಿನ ಕಾಕಿಜೋಮೆ, ಅಂದರೆ ವರ್ಷದ ಮೊದಲ ಬರಹ. ಮಕ್ಕಳು ಕುಂಚ ಹಿಡಿದು ಒಳ್ಳೆಯ ಮಾತನ್ನು ದೊಡ್ಡದಾಗಿ ಬರೆಯುತ್ತಾರೆ. ವಿಜಯದಶಮಿಯ ದಿನ ನಾವು ಮಕ್ಕಳ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಯಿಸುತ್ತೇವಲ್ಲ, ಹಾಗೆ. ಫೆಬ್ರವರಿ ಮೊದಲಿಗೆ ಸೆತ್ಸುಬುನ್. ಹುರಿದ ಸೋಯಾ ಕಾಳು ಎರಚಿ "ಪೀಡೆ ಹೊರಗೆ, ಭಾಗ್ಯ ಒಳಗೆ" ಅಂತ ಕೂಗುತ್ತಾರೆ. ವಯಸ್ಸು ಎಷ್ಟೋ ಅಷ್ಟು ಕಾಳು ತಿನ್ನಬೇಕು. ಅಜ್ಜಂದಿರಿಗೆ ಹಲ್ಲು ನೋವು ಖಂಡಿತ.

ಆ ಒಂದು ರಾತ್ರಿ

ಇಷ್ಟು ಹೊತ್ತು ಸಂತೋಷದ ಮಾತು. ಈಗ ಅಕ್ಷರ ಜೀವಕ್ಕೆ ಬಂದ ಮಾತು.

ಎದೊಗಾವಾ ತಗ್ಗಿನ ಪ್ರದೇಶ. ಸುತ್ತ ದೊಡ್ಡ ನದಿಗಳು, ಮುಂದೆ ಕಡಲು. ಕಡಲು ಉಕ್ಕಿದಾಗಿನ ನೀರಿನ ಮಟ್ಟಕ್ಕಿಂತ ನೆಲವೇ ಕೆಳಗೆ. ಮನೆ ಮನೆಗೆ ನೆರೆಯ ನಕ್ಷೆ ಹಂಚುತ್ತಾರೆ. 2019ರ ಅಕ್ಟೋಬರ್ 12, ಶನಿವಾರ. ಬಹಳ ದೊಡ್ಡ ಚಂಡಮಾರುತ ಬಂತು. ಬೆಳಿಗ್ಗೆಯಿಂದ ಮಳೆ. ಮನೆಯಲ್ಲಿದ್ದ ಮೊಬೈಲುಗಳು ಒಟ್ಟಿಗೆ ಕಿರುಚಿದವು. ಪರದೆಯ ತುಂಬ ಕಾಂಜಿ. ಗಂಡನಿಗೆ ಮಾತು ಸ್ವಲ್ಪ ಬರುತ್ತಿತ್ತು, ಓದಲಿಕ್ಕೆ ಬರುತ್ತಿರಲಿಲ್ಲ. ನಾನು ಇಡೀ ವಾಕ್ಯ ಓದಲಾರೆ. ಆದರೆ ಎರಡು ಅಕ್ಷರ ಗುರುತು ಸಿಕ್ಕಿತು. ಹಿನಾನ್. ಅಪಾಯದ ಜಾಗ ಬಿಟ್ಟು ಹೋಗಿ ಅಂತ ಅರ್ಥ. ನಮ್ಮ ಸೆನ್ಸೇ ಅದನ್ನು ಹತ್ತು ಸಲ ಬರೆಯಿಸಿದ್ದರು. "ಬೇರೆ ಎಲ್ಲ ಮರೆಯಿರಿ, ಈ ಎರಡು ಅಕ್ಷರ ಮರೆಯಬೇಡಿ" ಅಂದಿದ್ದರು.

ಮಗಳು ಆಗ ಒಂದನೇ ತರಗತಿ. ಅವಳ ಶಾಲೆಯ ಗೇಟಿನಲ್ಲೂ ಅದೇ ಎರಡು ಅಕ್ಷರ ಇದ್ದದ್ದು ನನಗೆ ನೆನಪಿತ್ತು. ಬಟ್ಟೆ, ಪಾಸ್‌ಪೋರ್ಟು, ಬಿಸ್ಕತ್ತು ಚೀಲಕ್ಕೆ ಹಾಕಿ ಶಾಲೆಗೆ ನಡೆದೆವು. ಮೇಲಿನ ಮಹಡಿಯ ತರಗತಿಯಲ್ಲಿ ಜಾಗ ಕೊಟ್ಟರು. ಸ್ವಲ್ಪ ಹೊತ್ತಿಗೆ ಉತ್ತರ ಭಾರತದ ಒಂದು ಕುಟುಂಬ ಬಂತು. ಕುಡಿಯುವ ನೀರು ಎಲ್ಲಿ, ಹೆಸರು ಎಲ್ಲಿ ಬರೆಯಿಸಬೇಕು, ಅವರಿಗೆ ಒಂದೂ ಗೊತ್ತಿಲ್ಲ. ಗೋಡೆಯ ಚೀಟಿಗಳನ್ನು ನಾನು ಅವರಿಗೆ ತಡವರಿಸಿ ತಡವರಿಸಿ ಓದಿ ಹೇಳಿದೆ. ಆ ರಾತ್ರಿ ನಮ್ಮ ಕಡೆ ನದಿಯ ಕಟ್ಟೆ ಒಡೆಯಲಿಲ್ಲ. ಬೇರೆ ಜಿಲ್ಲೆಗಳಲ್ಲಿ ಕಟ್ಟೆಗಳು ಒಡೆದು ತುಂಬ ಜನ ತೀರಿಹೋದರು.

ಸುಲಭ ಮಾತು, ರಾತ್ರಿ ಶಾಲೆ

ಜಪಾನಿನವರಿಗೂ ಇದು ಪೆಟ್ಟು ತಿಂದು ಬಂದ ಬುದ್ಧಿ. 1995ರ ಜನವರಿ 17ರಂದು ಕೋಬೆ ನಗರದ ಕಡೆ ಭೂಕಂಪ ಆಯಿತು. 6 ಸಾವಿರಕ್ಕಿಂತ ಹೆಚ್ಚು ಜನ ಸತ್ತರು. ನೀರು ಎಲ್ಲಿ ಕೊಡುತ್ತಾರೆ, ಎಲ್ಲಿಗೆ ಹೋಗಬೇಕು ಅನ್ನುವ ಸೂಚನೆ ಹೊರದೇಶದವರಿಗೆ ಅರ್ಥ ಆಗಲಿಲ್ಲ. ಆಮೇಲೆ ಅಲ್ಲಿಯ ವಿದ್ವಾಂಸರು "ಸುಲಭ ಜಪಾನಿ" ಅಂತ ಒಂದು ದಾರಿ ಮಾಡಿದರು. ಕಷ್ಟದ ಶಬ್ದ ಬೇಡ. ವಾಕ್ಯ ಸಣ್ಣದಿರಲಿ. ಕಾಂಜಿಯ ಪಕ್ಕ ಹಿರಗಾನ ಇರಲಿ. "ಹಿನಾನ್ ಮಾಡಿ" ಅನ್ನುವ ಬದಲು "ಓಡಿ ಪಾರಾಗಿ" ಅನ್ನಿ. ಈಗ ಎಷ್ಟೋ ನಗರಗಳ ನೋಟೀಸು ಹೀಗೆ ಬರುತ್ತದೆ.

ಇದನ್ನು ನಾವು ಗಡಿನಾಡಿನವರು ಚೆನ್ನಾಗಿ ಗಮನಿಸಬೇಕು. ಕಾಸರಗೋಡಿನಲ್ಲಿ ನಮಗೆ ಎಷ್ಟೋ ಕಾಗದ ಮಲಯಾಳದಲ್ಲಿ ಬರುತ್ತದೆ. ಕನ್ನಡದಲ್ಲಿ ಬಂದರೂ ಕೆಲವು ಸಲ ಪಂಡಿತರಿಗೇ ಅರ್ಥ ಆಗುವ ಕನ್ನಡ. ನಮ್ಮ ಅಕ್ಷರದಲ್ಲಿ, ನಮಗೆ ಅರ್ಥ ಆಗುವ ಮಾತಿನಲ್ಲಿ ಬರೆದು ಕೊಡಿ ಅಂತ ಕೇಳುವುದು ಭಿಕ್ಷೆ ಬೇಡುವುದಲ್ಲ. ಜೊತೆಗೆ ಮಲಯಾಳ ಅಕ್ಷರವನ್ನೂ ಕಲಿಯೋಣ. ಇರುವ ಊರಿನ ಅಕ್ಷರ ಗೊತ್ತಿದ್ದರೆ ಯಾರ ಮುಂದೆಯೂ ಕಾಗದ ಹಿಡಿದು ನಿಲ್ಲಬೇಕಾಗಿಲ್ಲ.

ಇನ್ನೊಂದು ಮಾತು. ಜಪಾನಿನಲ್ಲಿ ಎಲ್ಲರೂ ಓದಿದವರು ಅಂತ ನಾವು ತಿಳಿದಿದ್ದೇವೆ. 2020ರ ಜನಗಣತಿ ಪ್ರಕಾರ ಅಲ್ಲಿ ಸುಮಾರು 8 ಲಕ್ಷ ಜನರ ಓದು ಪ್ರಾಥಮಿಕ ಶಾಲೆಗೇ ನಿಂತಿದೆ. ಹೆಚ್ಚಿನವರು ವಯಸ್ಸಾದವರು. ಯುದ್ಧ, ಬಡತನ, ಮನೆಗೆಲಸ ಅಂತ ಶಾಲೆ ಬಿಟ್ಟವರು. ಅಂಥವರಿಗೆ ಅಲ್ಲಿ ಸರಕಾರಿ ರಾತ್ರಿ ಶಾಲೆಗಳು ಉಂಟು. ಎದೊಗಾವಾದಲ್ಲೂ ಒಂದು ಉಂಟು. ಬಿಳಿ ಕೂದಲಿನ ಅಜ್ಜಿ, ಹೊರದೇಶದಿಂದ ಬಂದ ಯುವಕ, ಇಬ್ಬರೂ ಇಂಥ ಶಾಲೆಯ ಒಂದೇ ಕೋಣೆಯಲ್ಲಿ ಕಲಿಯುತ್ತಾರೆ.

ಬಂಧುಗಳೇ, "ಈ ವಯಸ್ಸಿನಲ್ಲಿ ಎಂತ ಕಲಿಯುವುದು" ಅಂತ ಯಾರಾದರೂ ನಿಮ್ಮನ್ನು ನಕ್ಕರೆ ಅವರಿಗೆ ಹೇಳಿ: ಊರು ಬದಲಾದರೆ ಡಿಗ್ರಿ ಮಾಡಿದವರೂ ಒಂದನೇ ಪಾಠದಿಂದಲೇ ಶುರು ಮಾಡಬೇಕು. ನಿಮ್ಮ ಮನೆಯ ಪಕ್ಕದಲ್ಲಿ ಇನ್ನೂ ಹೆಬ್ಬೆಟ್ಟು ಒತ್ತುವವರು ಇದ್ದರೆ ಮುಂದಿನ ವಾರ ಅವರ ಕೈ ಹಿಡಿದು ಕರೆದುಕೊಂಡು ಬನ್ನಿ. ಒಂದು ಬೆಂಚು ಖಾಲಿ ಇಟ್ಟಿರುತ್ತೇನೆ.



ಓದಿ, ಮಾತಾಡಿ, ಬರೆಯಿರಿ

1. ಉಪ್ಪು, ಸಕ್ಕರೆ ಪೊಟ್ಟಣಗಳ ಮುಂದೆ ನಿಂತಾಗ ಈ ಟೀಚರಿಗೆ ಏನು ಕಷ್ಟ ಆಯಿತು? ನಿಮಗೆ ಅಂಥ ಅನುಭವ ಆಗಿದೆಯೇ?
2. ನಮ್ಮ ಊರಿನಲ್ಲಿ ಕೈರಾಂಬಾನ್ ಶುರು ಮಾಡಿದರೆ ಅದರಲ್ಲಿ ಯಾವ ಸುದ್ದಿ ಬರೆಯಬೇಕು? ಮೂರು ಸುದ್ದಿ ಹೇಳಿ.
3. ಈ ವಾರ ನಿಮ್ಮ ಮನೆಗೆ ಬಂದ ಒಂದು ಕಾಗದವನ್ನು ತರಗತಿಗೆ ತನ್ನಿ. ಎಲ್ಲರೂ ಸೇರಿ ಓದಿ.
4. ಒಂದು ಕಾಗದದ ಪಟ್ಟಿಯಲ್ಲಿ ನಿಮ್ಮ ಒಂದು ಆಸೆಯನ್ನು ಬರೆಯಿರಿ. ಕೆಳಗೆ ಹೆಸರು ಬರೆಯಿರಿ.